ಮೈನಸ್ 80ರಲ್ಲಿಟ್ರೂ ಸಾಯ್ತಿದ್ದ ಕರುಳಿನ ಬ್ಯಾಕ್ಟೀರಿಯಾ ಕೊನೆಗೂ ಉಳೀತು

ಮೂರು ಸಲ ಹೀಗೇ ಆಯ್ತು. ಮಲದ ಸ್ಯಾಂಪಲ್‌ನಿಂದ ಕಷ್ಟಪಟ್ಟು ಬೆಳೆಸಿದ ಫೀಕಾಲಿಬ್ಯಾಕ್ಟೀರಿಯಂ ಅನ್ನೋ ಕರುಳಿನ ಬ್ಯಾಕ್ಟೀರಿಯಾಗೆ ಗ್ಲಿಸರಾಲ್ (ಹೆಪ್ಪುಗಟ್ಟುವಾಗ ಜೀವಕೋಶ ಹಾಳಾಗದ ಹಾಗೆ ಕಾಪಾಡೋ ದ್ರವ) ಸೇರಿಸಿ ಮೈನಸ್ 80 ಡಿಗ್ರಿ ಫ್ರೀಜರ್‌ಗೆ ಇಡೋದು, ತಿಂಗಳು ಬಿಟ್ಟು ತೆಗೆದು ಪ್ಲೇಟ್ ಮೇಲೆ ಹಾಕಿದ್ರೆ ಒಂದು ಕಾಲೊನಿನೂ (ಬ್ಯಾಕ್ಟೀರಿಯಾ ಬೆಳೆದು ಕಾಣೋ ಚುಕ್ಕೆ) ಇಲ್ಲ. ನಂಬಿ ಕೊಟ್ಟವರ ಸ್ಯಾಂಪಲ್ ಅದು, ಮತ್ತೆ ಅದೇ ಸಿಗಲ್ಲ, ತುಂಬಾ ಬೇಜಾರಾಯ್ತು.

ಮೊದ್ಲು ಫ್ರೀಜರ್ ಮೇಲೇ ಅನುಮಾನ ಬಂತು. ಆದ್ರೆ ಅದೇ ಬಾಕ್ಸಲ್ಲಿದ್ದ ಇ. ಕೋಲಿ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಚೆನ್ನಾಗೇ ಬೆಳೀತಿತ್ತು. ಅದಕ್ಕೆ ಗಾಳಿ ಇದ್ರೂ ನಡೆಯುತ್ತೆ, ಇದಕ್ಕೆ ಕೆಲವೇ ನಿಮಿಷ ಆಮ್ಲಜನಕ ತಾಗಿದ್ರೂ ಕತೆ ಮುಗೀತು. ಆಗ ಹೊಳೀತು, ಆನೆರೋಬಿಕ್ ಚೇಂಬರ್ (ಆಮ್ಲಜನಕ ಇಲ್ಲದ ಮುಚ್ಚಿದ ಪೆಟ್ಟಿಗೆ) ಒಳಗೇ ಕೆಲಸ ಮಾಡ್ತಿದ್ದೆ ನಿಜ, ಆದ್ರೆ ಗ್ಲಿಸರಾಲ್ ಮಾತ್ರ ಹೊರಗೆ ಬೆಂಚ್ ಮೇಲಿದ್ದ ಬಾಟಲಿಯದ್ದು, ಟ್ಯೂಬ್‌ಗಳೂ ಆಗಷ್ಟೇ ಒಳಗೆ ತಂದಿದ್ದು, ಪ್ಲಾಸ್ಟಿಕ್‌ನಲ್ಲೂ ಆಮ್ಲಜನಕ ಸೇರ್ಕೊಂಡಿರುತ್ತೆ ಅನ್ನೋದು ತಲೆಗೇ ಬಂದಿರ್ಲಿಲ್ಲ.

ಈಗ ಗ್ಲಿಸರಾಲ್‌ಗೆ ಆಮ್ಲಜನಕ ತೆಗೆಯೋ ಸಿಸ್ಟೀನ್ ಮತ್ತೆ ಆಮ್ಲಜನಕ ಇದ್ರೆ ಬಣ್ಣದಿಂದ ತೋರಿಸೋ ರೆಸಜುರಿನ್ ಚೂರು ಹಾಕಿ, ಮುಚ್ಚಳ ಸಡಿಲ ಮಾಡಿ, ಟ್ಯೂಬ್‌ಗಳ ಜೊತೆ ಎರಡು ದಿನ ಚೇಂಬರ್‌ನಲ್ಲೇ ಬಿಡ್ತೀನಿ. ಗುಲಾಬಿ ಬಣ್ಣ ಪೂರ್ತಿ ಹೋಗೋವರೆಗೂ ಮುಟ್ಟಲ್ಲ, ಗುಲಾಬಿ ಇದೆ ಅಂದ್ರೆ ಆಮ್ಲಜನಕ ಇನ್ನೂ ಇದೆ ಅಂತ. ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ಚುರುಕಾಗಿ ಬೆಳೀತಿರುವಾಗ್ಲೇ ತಗೊಂಡು, ಕೊನೆಗೆ ಗ್ಲಿಸರಾಲ್ ಶೇಕಡಾ 20ರಷ್ಟು ಬರೋ ಹಾಗೆ ಬೆರೆಸಿ, ಒಳಗೇ ಬಿಗಿಯಾಗಿ ಮುಚ್ಚಿ ಆಮೇಲೆ ಹೊರಗೆ ತರೋದು.

ಇನ್ನೊಂದು, ದೊಡ್ಡ ಟ್ಯೂಬ್ ಒಂದನ್ನೇ ಪದೇಪದೇ ಕರಗಿಸಬೇಡಿ, ಚಿಕ್ಕಚಿಕ್ಕದಾಗಿ ಹಂಚಿಡಿ, ಒಂದ್ಸಲ ಕರಗಿಸಿದ್ದನ್ನ ವಾಪಸ್ ಇಡಬೇಡಿ. ಎರಡು ತಿಂಗಳಾದ್ಮೇಲೆ ತೆಗೆದು ನೋಡ್ದೆ, ಪ್ಲೇಟ್ ತುಂಬಾ ಕಾಲೊನಿ!