ಆಹಾರ ಮೇಳದ ಗೇಟಿನಲ್ಲೇ ದುಡ್ಡು ಕೇಳಿದರೆ ಏನು ಮಾಡಬೇಕು?

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಟಿಕೆಟ್ ಇಲ್ಲ, ಕಾರ್ತಿಕದ ಕೊನೆಯ ಸೋಮವಾರ ಯಾರು ಬೇಕಾದರೂ ಹೋಗಿ ಬಿಸಿಬಿಸಿ ಹುರಿದ ಕಾಯಿ ಕೊಳ್ಳಬಹುದು. ಅದನ್ನು ನೋಡಿ ಬೆಳೆದವರಿಗೆ ತಿನ್ನೋಕೆ ಮುಂಚೆಯೇ ಶುಲ್ಕ ಅಂದರೆ ಸಿಟ್ಟು ಬರುತ್ತೆ ಅಲ್ವಾ? ಸುಮ್ನೆ ಜಗಳ ಬೇಡ. ಮೊದಲು ಕೇಳಿ: ಆ ಹಣಕ್ಕೆ ಒಳಗೆ ತಿಂಡಿಯ ಕೂಪನ್ ಸಿಗುತ್ತಾ, ಇಲ್ಲಾ ಬರೀ ಒಳಗೆ ಬಿಡೋಕಾ? ಕೂಪನ್ ಇದ್ದರೆ ಧೈರ್ಯವಾಗಿ ಹೋಗಿ. ಇಲ್ಲದಿದ್ದರೆ ಮನೆಮಂದಿಯ ಲೆಕ್ಕ ಹಾಕಿ, ತಲಾ 50 ರೂಪಾಯಿ ಅಂದರೂ ನಾಲ್ಕು ಜನಕ್ಕೆ 200 ಆಯ್ತು, ಆ ದುಡ್ಡಿಗೆ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಎಲ್ಲರೂ ತುಪ್ಪ ಹಾಕಿದ ಹೋಳಿಗೆ ತಿನ್ನಬಹುದು. ಕುಡಿಯುವ ನೀರು, ಕೂರೋಕೆ ಜಾಗ, ಶೌಚಾಲಯ ಇದೆಯಾ ಅಂತಲೂ ವಿಚಾರಿಸಿ. ಶುಲ್ಕ ತಗೊಂಡ ಮೇಲೆ ಅಷ್ಟಾದರೂ ಕೊಡಲೇಬೇಕು. ಬೇಸರವಾದರೆ ಆಯೋಜಕರಿಗೇ ಬರೆದು ಕೊಡಿ, ಮಳಿಗೆಯವರ ಮೇಲೆ ರೇಗಬೇಡಿ, ಅವರೂ ಎಷ್ಟೋ ಕಡೆ ಜಾಗಕ್ಕೆ ಬಾಡಿಗೆ ಕಟ್ಟಿರುತ್ತಾರೆ.