‘ದಿ ಮಿನಿಸ್ಟ್ರಿ ಫಾರ್ ದ ಫ್ಯೂಚರ್’ ಓದುವ ಮುಂಚೆ ಎರಡು ಥರ್ಮಾಮೀಟರ್ ತನ್ನಿ

ಹವಾಮಾನ ಬದಲಾವಣೆ ಕುರಿತ, ಅಮೆರಿಕದ ಲೇಖಕ ಕಿಮ್ ಸ್ಟಾನ್ಲಿ ರಾಬಿನ್ಸನ್ ಅವರ ಈ ಇಂಗ್ಲಿಷ್ ಕಾದಂಬರಿ 2020ರಲ್ಲಿ ಬಂತು. ಐನೂರು ಪುಟ ದಾಟುತ್ತದೆ, 106 ಅಧ್ಯಾಯಗಳಿವೆ. ಒಬ್ಬರೇ ಓದಲು ಕೂತರೆ ನಡುವೆ ಬಿಟ್ಟುಬಿಡುವ ಸಂಭವವೇ ಜಾಸ್ತಿ. ಐದಾರು ಜನ ಸೇರಿ ಓದಿ. ನಾವು ರಾಯಚೂರಿನಲ್ಲಿ ಹಾಗೆಯೇ ಓದಿದೆವು, ಸಂಜೆ ಬಿಸಿಲು ಇಳಿದ ಮೇಲೆ, ನಮ್ಮ ಮನೆಯ ಮಾಳಿಗೆಯ ಮೇಲೆ. ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವನು. ಹಾಗಾಗಿ ನನ್ನ ಸಲಹೆ ಪುಸ್ತಕದಿಂದ ಶುರುವಾಗುವುದಿಲ್ಲ, ಥರ್ಮಾಮೀಟರಿನಿಂದ ಶುರುವಾಗುತ್ತದೆ.

ಕಾರಣ ಇದೆ. ಮೊದಲ ಅಧ್ಯಾಯ ನಡೆಯುವುದು ಉತ್ತರ ಪ್ರದೇಶದ ಒಂದು ಊರಿನಲ್ಲಿ. ಬಿಸಿಗಾಳಿ, ಜೊತೆಗೆ ಗಾಳಿಯಲ್ಲಿ ವಿಪರೀತ ತೇವ. ಕರೆಂಟು ಹೋಗುತ್ತದೆ. ಜನ ಕೆರೆಗೆ ಇಳಿಯುತ್ತಾರೆ, ಆ ನೀರೂ ಮೈಗಿಂತ ಬಿಸಿ. ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಸತ್ತಿರುತ್ತದೆ. ನಮ್ಮ ಕಡೆಯವರು ಇದನ್ನು ಓದಿ ‘ಅಯ್ಯೋ, ನಮಗೆ 43 ಡಿಗ್ರಿ ಅಭ್ಯಾಸ ಬಿಡ್ರಿ’ ಎನ್ನುತ್ತಾರೆ. ಹಾಗೆ ಅಂದುಬಿಟ್ಟರೆ ಕತೆ ಅಲ್ಲೇ ಕೈತಪ್ಪುತ್ತದೆ.

ಪ್ರಯೋಗಶಾಲೆಯ ಎರಡು ಥರ್ಮಾಮೀಟರ್ ತನ್ನಿ. ಜ್ವರ ನೋಡುವುದು ಬೇಡ, ಅದರ ಅಳತೆ ಶುರುವಾಗುವುದೇ 35ರ ಆಸುಪಾಸಿನಿಂದ. ಹಳೆಯ ಬನಿಯನ್ನಿನ ಒಂದು ಪಟ್ಟಿ ಕತ್ತರಿಸಿ, ಬಿಸಿನೀರಿನಲ್ಲಿ ಚೆನ್ನಾಗಿ ಒಗೆಯಿರಿ. ಬಟ್ಟೆಯಲ್ಲಿ ಗಂಜಿ, ಸೋಪು ಉಳಿದರೆ ನೀರು ಸರಿಯಾಗಿ ಏರುವುದಿಲ್ಲ. ಅದನ್ನು ಒಂದು ಥರ್ಮಾಮೀಟರಿನ ಬುರುಡೆಗೆ, ಅಂದರೆ ತುದಿಯ ಉಬ್ಬಿಗೆ, ಸುತ್ತಿ ದಾರ ಕಟ್ಟಿ. ಪಟ್ಟಿಯ ಇನ್ನೊಂದು ತುದಿ ಕೆಳಗಿನ ಲೋಟದ ನೀರಿನಲ್ಲಿರಲಿ. ಬುರುಡೆ ಮಾತ್ರ ನೀರಿಗೆ ಮುಟ್ಟಬಾರದು. ಎರಡನ್ನೂ ನೆರಳಿನಲ್ಲಿ ಪಕ್ಕಪಕ್ಕ ನಿಲ್ಲಿಸಿ ಟೇಬಲ್ ಫ್ಯಾನ್ ಹಾಕಿ. ಬಟ್ಟೆ ಸುತ್ತಿದ್ದು ಇಳಿಯುತ್ತಾ ಹೋಗುತ್ತದೆ. ಇಳಿಯುವುದು ನಿಂತಾಗ ಎಷ್ಟಿದೆಯೋ ಅದೇ ಒದ್ದೆ ಬುರುಡೆಯ ತಾಪ. ಮಣ್ಣಿನ ಹರವಿಯ ನೀರು ತಂಪಾಗುವ ಹಾಗೆಯೇ ಇದು. ಆವಿಯಾಗಲು ಗಾಳಿಯಲ್ಲಿ ಜಾಗ ಇದ್ದಷ್ಟೂ ತಂಪು. ನಮ್ಮ ಬೆವರಿನ ಲೆಕ್ಕವೂ ಇಷ್ಟೇ.

ಈಗ ಲೆಕ್ಕ ನೋಡಿ. ರಾಯಚೂರಿನಲ್ಲಿ 42 ಡಿಗ್ರಿ ಬಿಸಿಲು, ತೇವಾಂಶ ಶೇ 20 ಅಂದರೆ ಒದ್ದೆ ಬುರುಡೆ ತೋರಿಸುವುದು ಸುಮಾರು 24. ಮಂಗಳೂರಿನಲ್ಲಿ ಬರೀ 34 ಡಿಗ್ರಿ, ತೇವಾಂಶ ಶೇ 70 ಅಂದರೆ 29 ದಾಟುತ್ತದೆ. ಮೈಗೆ ಕಷ್ಟ ಎಲ್ಲಿ ಜಾಸ್ತಿ? ಕರಾವಳಿಯಲ್ಲಿ. ಒದ್ದೆ ಬುರುಡೆ 35 ಮುಟ್ಟಿದರೆ ಬೆವರಿನಿಂದ ಮೈ ತಣಿಯುವುದಿಲ್ಲ. ನೆರಳಿನಲ್ಲಿ ಕೂತು, ನೀರು ಕುಡಿಯುತ್ತಾ, ಫ್ಯಾನ್ ಹಾಕಿಕೊಂಡರೂ ಗಟ್ಟಿಮುಟ್ಟಾದ ಮನುಷ್ಯ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಇದು 2010ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕ. 2022ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆರೋಗ್ಯವಂತ ಯುವಕರನ್ನೇ ಬಿಸಿ ಕೋಣೆಯಲ್ಲಿಟ್ಟು ನೋಡಿದರು. ತೇವದ ಹವೆಯಲ್ಲಿ 31ರ ಹತ್ತಿರವೇ ದೇಹ ಸೋಲತೊಡಗಿತ್ತು. ಇಷ್ಟು ತಿಳಿದುಕೊಂಡು ಮೊದಲ ಅಧ್ಯಾಯ ಓದಿ. ಹಗಲಲ್ಲೇ ಓದಿ. ರಾತ್ರಿ ಓದಿದರೆ ನಿದ್ದೆ ಬರುವುದಿಲ್ಲ.

ಎರಡನೇ ಅಧ್ಯಾಯ ಅರ್ಧ ಪುಟವೂ ಇಲ್ಲ, ಒಂದು ಒಗಟು. ಮಾತಾಡುವುದು ಸೂರ್ಯ. ಮುಂದೆ ಫೋಟಾನ್ (ಬೆಳಕಿನ ಕಣ), ಕಾರ್ಬನ್ ಪರಮಾಣು ಎಲ್ಲ ಹೀಗೇ ಬಂದು ಮಾತಾಡಿ ಹೋಗುತ್ತವೆ. ಇವುಗಳ ಮುಂದೆ ತಲೆ ಕೆಡಿಸಿಕೊಂಡು ಕೂರಬೇಡಿ. ಗಟ್ಟಿಯಾಗಿ ಓದಿ, ಯಾರು ಅಂತ ಊಹಿಸಿ, ಮುಂದೆ ಹೋಗಿ.

ಅಧ್ಯಾಯಗಳನ್ನು ಪುಟದ ಲೆಕ್ಕದಲ್ಲಿ ಹಂಚಬೇಡಿ, ಕಸುಬು ನೋಡಿ ಹಂಚಿ. ಇದು ನಾನು ಒತ್ತಿ ಹೇಳುವ ಮಾತು. ಯಾಕೆಂದರೆ ಕಾದಂಬರಿಯ ಅರ್ಧ ಭಾಗ ಕತೆಯೇ ಅಲ್ಲ. ಸಭೆಯ ಟಿಪ್ಪಣಿ, ಹಣಕಾಸು, ಹಿಮನದಿ, ಮಣ್ಣು. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಅಡಿಯಲ್ಲಿ ಜೂರಿಚ್‌ನಲ್ಲಿ ಒಂದು ಕಚೇರಿ ಹುಟ್ಟುತ್ತದೆ. ಇನ್ನೂ ಹುಟ್ಟದವರ ಪರ, ಮಾತು ಬಾರದ ಜೀವಿಗಳ ಪರ ವಕಾಲತ್ತು ಮಾಡುವುದು ಅದರ ಕೆಲಸ. ಮುಖ್ಯಸ್ಥೆ ಐರ್ಲೆಂಡಿನ ಮೇರಿ ಮರ್ಫಿ. ಆಕೆಯ ಕೈಲಿ ದುಡ್ಡಿಲ್ಲ, ಪೊಲೀಸರಿಲ್ಲ. ಹಾಗಾಗಿ ಆಕೆ ಹೋಗಿ ಬಾಗಿಲು ತಟ್ಟುವುದು ನಮ್ಮ ರಿಸರ್ವ್ ಬ್ಯಾಂಕಿನಂಥ ಕೇಂದ್ರೀಯ ಬ್ಯಾಂಕುಗಳದ್ದು.

ಇಲ್ಲಿ ನಮ್ಮ ಗುಂಪಿನ ನಿವೃತ್ತ ಬ್ಯಾಂಕ್ ಮ್ಯಾನೇಜರರು ಕೆಲಸಕ್ಕೆ ಬಂದರು. ಭವಿಷ್ಯದ ನಷ್ಟಕ್ಕೆ ಇವತ್ತು ಎಷ್ಟು ಬೆಲೆ ಕಟ್ಟಬೇಕು ಎಂಬ ಅಧ್ಯಾಯವನ್ನು ಅವರು ಕ್ಯಾಲ್ಕುಲೇಟರ್ ಹಿಡಿದು ಬಿಡಿಸಿದರು. ನೂರು ವರ್ಷದ ಆಚೆಗಿನ ಒಂದು ಲಕ್ಷ ರೂಪಾಯಿ ನಷ್ಟವನ್ನು ವರ್ಷಕ್ಕೆ ಶೇ 5ರಂತೆ ಕಡಿತ ಮಾಡುತ್ತಾ ಬಂದರೆ ಇವತ್ತು ಉಳಿಯುವುದು ಸುಮಾರು 760 ರೂಪಾಯಿ. ಶೇ 1.4ರಂತೆ ಮಾಡಿದರೆ ಹತ್ತಿರ ಹತ್ತಿರ 24,900. ದರ ಯಾರು ತೀರ್ಮಾನಿಸುತ್ತಾರೋ ಅವರೇ ಮರಿಮಕ್ಕಳ ಬೆಲೆಯನ್ನೂ ತೀರ್ಮಾನಿಸಿದ ಹಾಗಾಯಿತು, ಅಲ್ವಾ? ಈ ಲೆಕ್ಕವನ್ನು ನಿಮ್ಮಲ್ಲಿ ಯಾರಾದರೂ ಕೈಯಾರೆ ಮಾಡಲೇಬೇಕು. ಸುಮ್ನೆ ಓದಿದರೆ ತಲೆಗೆ ಇಳಿಯುವುದಿಲ್ಲ.

ಕಾರ್ಬನ್ ನಾಣ್ಯದ ಭಾಗಕ್ಕೆ ನಿಮ್ಮ ಊರಿನ ಒಂದು ಉದಾಹರಣೆ ಇಟ್ಟುಕೊಳ್ಳಿ. ಗಾಳಿಗೆ ಹೋಗದಂತೆ ತಡೆದ ಪ್ರತಿ ಟನ್ನಿಗೆ ಒಂದು ನಾಣ್ಯ ಎಂಬುದು ಕಾದಂಬರಿಯ ಯೋಜನೆ. ತೈಲವನ್ನು ನೆಲದಲ್ಲೇ ಬಿಟ್ಟರೂ ಹಣ ಸಿಗುತ್ತದೆ. ನಮಗೆ ಶಕ್ತಿನಗರ ಹತ್ತಿರ, ಅಲ್ಲಿನ ಶಾಖೋತ್ಪನ್ನ ಸ್ಥಾವರದ್ದು 1720 ಮೆಗಾವಾಟ್, ಎಲ್ಲ ಕಲ್ಲಿದ್ದಲು. ಅದನ್ನು ನಿಲ್ಲಿಸಿದರೆ ನಾಣ್ಯ ಯಾರ ಕೈಗೆ? ಸರ್ಕಾರಕ್ಕೋ, ಹಾರುಬೂದಿ ಉಸಿರಾಡಿದ ಹಳ್ಳಿಗಳಿಗೋ, ಗುತ್ತಿಗೆ ಕಾರ್ಮಿಕನಿಗೋ? ಪುಸ್ತಕ ಇಷ್ಟು ಕೆಳಗೆ ಇಳಿಯುವುದಿಲ್ಲ. ನೀವು ಇಳಿಯಿರಿ.

ಮೊದಲ ಅಧ್ಯಾಯದ ದುರಂತದ ನಂತರ ಕಾದಂಬರಿಯ ಭಾರತ, ಬಿಸಿಲಿನ ಒಂದು ಪಾಲನ್ನು ತಡೆಯಲು, ಯಾರನ್ನೂ ಕೇಳದೆ ವಾತಾವರಣದ ಮೇಲ್ಪದರಕ್ಕೆ ಗಂಧಕದ ಡೈಆಕ್ಸೈಡ್ ಹರಡುತ್ತದೆ. ಓದುವ ಮುಂಚೆ ಪಿನಾಟುಬೊ ನೆನಪಿಸಿಕೊಳ್ಳಿ. 1991ರಲ್ಲಿ ಫಿಲಿಪ್ಪೀನ್ಸ್‌ನ ಆ ಜ್ವಾಲಾಮುಖಿ ಸಿಡಿದು ಇದೇ ಅನಿಲವನ್ನು ಮೇಲಕ್ಕೆ ಉಗುಳಿದ ಮೇಲೆ ಭೂಮಿಯ ಸರಾಸರಿ ತಾಪ ಸುಮಾರು ಅರ್ಧ ಡಿಗ್ರಿ ಇಳಿದಿತ್ತು. ಒಂದೆರಡು ವರ್ಷದಲ್ಲಿ ಆ ಪರಿಣಾಮ ಮುಗಿಯಿತು. ಅಂದರೆ ಶುರು ಮಾಡಿದವರು ಸಿಂಪಡಿಸುತ್ತಲೇ ಇರಬೇಕು. ಮುಂಗಾರು ಕೆಟ್ಟರೆ ಹೊಣೆ ಯಾರು ಎಂದು ನಮ್ಮಲ್ಲಿನ ರೈತರೊಬ್ಬರು ಕೇಳಿದರು. ಉತ್ತರ ಯಾರಲ್ಲೂ ಇರಲಿಲ್ಲ. ಭಾರತ ಮಾಡಿದ್ದು ಸರಿ ಎಂದು ನನಗೆ ಇನ್ನೂ ಅನ್ನಿಸುತ್ತದೆ, ಅದು ಬೇರೆ ಮಾತು.

ಒಂದು ತಕರಾರು ಮನಸ್ಸಿನಲ್ಲಿರಲಿ. ಸತ್ತವರು ನಮ್ಮವರು, ಆದರೆ ಕತೆ ಹಿಂಬಾಲಿಸುವುದು ಬದುಕುಳಿದ ಅಮೆರಿಕದ ಯುವಕ ಫ್ರ್ಯಾಂಕ್‌ನನ್ನು. ನನಗೆ ಇದು ಸರಿಬರಲಿಲ್ಲ. ಹಾಗಿದ್ದರೂ ಅವನು ಒಂದು ರಾತ್ರಿ ಮೇರಿಯ ಮನೆಗೆ ನುಗ್ಗಿ, ‘ನೀವು ಮಾಡುತ್ತಿರುವುದು ಸಾಲದು’ ಎಂದು ಆಕೆಯನ್ನು ಕೂರಿಸಿ ಜಾಡಿಸುವ ಅಧ್ಯಾಯ ಇಡೀ ಪುಸ್ತಕದ ಜೀವ. ಅದನ್ನು ಇಬ್ಬರು ಎದುರುಬದುರು ಕೂತು ಗಟ್ಟಿಯಾಗಿ ಓದಿ. ಮೇರಿಯ ಪಾಲು ಸರ್ಕಾರಿ ಕೆಲಸದಲ್ಲಿ ಇದ್ದವರಿಗೆ ಕೊಡಿ.

ಅಂಟಾರ್ಕ್ಟಿಕಾದಲ್ಲಿ ಹಿಮನದಿ ಬೇಗ ಸಮುದ್ರಕ್ಕೆ ಜಾರದಿರಲೆಂದು ಅದರ ಅಡಿಯ ನೀರನ್ನು ಪಂಪ್ ಮಾಡಿ ತೆಗೆಯುವ ಭಾಗ ಬೋರ್‌ವೆಲ್ ಕಂಡವರಿಗೆ ತಾನಾಗಿ ಅರ್ಥವಾಗುತ್ತದೆ. ಸಭೆಗಳ ವರದಿಯಲ್ಲಿ ಕೆಲವನ್ನು ಕಣ್ಣಾಡಿಸಿ ಬಿಟ್ಟರೂ ನಷ್ಟವಿಲ್ಲ.

ಕಾಳಿಯ ಮಕ್ಕಳು ಎಂಬ ಗುಪ್ತ ಗುಂಪಿನ ಅಧ್ಯಾಯಗಳಿಗೆ ಮಾತ್ರ ಒಂದು ಪೂರ್ತಿ ಸಂಜೆ ಇಡಿ. ವಿಮಾನಗಳು ಉರುಳುತ್ತವೆ, ಜನ ಹಾರುವುದನ್ನೇ ಬಿಡುತ್ತಾರೆ, ಇಂಗಾಲ ಇಳಿಯುತ್ತದೆ. ಕೊಂದವರ ಲೆಕ್ಕವನ್ನು ಲೇಖಕರು ಕೊನೆಯವರೆಗೂ ನೆಟ್ಟಗೆ ಕೇಳುವುದಿಲ್ಲ ಎಂಬುದು ನನ್ನ ದೂರು. ನಮ್ಮಲ್ಲಿ ಅವತ್ತು ದೊಡ್ಡ ಜಗಳವೇ ಆಯಿತು. ನಿಮ್ಮಲ್ಲೂ ಆಗುತ್ತದೆ. ಪುಟ ಸಂಖ್ಯೆ ಹೇಳದೆ ಯಾರೂ ದನಿ ಏರಿಸುವಂತಿಲ್ಲ ಎಂದು ಮೊದಲೇ ಹೇಳಿಬಿಡಿ.