ಚಹಾದ ಊರಿನಿಂದ ಬಂದು ಕಾಫಿ ಕಲಿತದ್ದು

ನಮ್ಮ ಗದಗ ಸೀಮೆಯಲ್ಲಿ ಮನೆಗೆ ಯಾರೇ ಬರಲಿ, ಕೂತ ಕೂಡಲೇ ಕೇಳುವುದು ‘ಚಾ ಕುಡೀತೀರೇನ್ರಿ?’ ಎಂದು. ಕಾಫಿ ಎಂದರೆ ನನಗೆ ಗೊತ್ತಿದ್ದದ್ದು ಬಿಸಿ ಹಾಲಿಗೆ ಕಲಸಿಕೊಡುವ ಇನ್‌ಸ್ಟಂಟ್ ಪುಡಿ ಮಾತ್ರ. 2011ರಲ್ಲಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಬಸವನಗುಡಿಯಲ್ಲಿ ರೂಮು ಹಿಡಿದೆ. ಬಾಡಿಗೆ ಕೊಡಲು ಹೋದಾಗಲೆಲ್ಲ ಮನೆ ಓನರ್ ಅಜ್ಜಿ ಒಂದು ಲೋಟ ಕಾಫಿ ಮುಂದಿಡುತ್ತಿದ್ದರು. ಆ ಕಹಿ ನನಗೆ ಸೇರುತ್ತಿರಲಿಲ್ಲ, ಬೇಡ ಎನ್ನಲು ಸಂಕೋಚ. ಮೂರನೇ ತಿಂಗಳು ಅಜ್ಜಿಗೆ ತಿಳಿದುಹೋಯಿತು. ‘ಇಷ್ಟ ಇಲ್ದಿದ್ರೆ ಬಿಡಪ್ಪಾ, ಬಲವಂತ ಇಲ್ಲ. ಆದ್ರೆ ನಾಳೆ ಬೆಳಿಗ್ಗೆ ಆರಕ್ಕೆ ಬಂದು ಡಿಕಾಕ್ಷನ್ ಇಳಿಯೋದನ್ನ ಒಂದ್ಸಲ ನೋಡು’ ಎಂದರು.

ಮರುದಿನ ಹೋದೆ. ಫಿಲ್ಟರಿನ ಮೇಲಿನ ಪಾತ್ರೆಗೆ ಮೂರು ಚಮಚ ತುಂಬ ಪುಡಿ ಹಾಕಿ, ಪಾತ್ರೆಯ ಪಕ್ಕಕ್ಕೆ ಬೆರಳಿನಿಂದ ಎರಡು ಸಲ ತಟ್ಟಿ ಸಮ ಮಾಡಿದರು. ಮೇಲೆ ತೂತಿನ ಬಿಲ್ಲೆ ಇಟ್ಟರು, ಅದುಮಲಿಲ್ಲ. ಕುದಿದ ನೀರನ್ನು ಒಲೆಯಿಂದ ಇಳಿಸಿ ಅರೆ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟೇ ಸುತ್ತಲೂ ಹಾಕಿದರು. ಪುಡಿ ಉಬ್ಬಿತು. ಆ ಹಬೆಯ ವಾಸನೆ ಮೂಗಿಗೆ ಬಂದಾಗಲೇ ಕಾಫಿಯ ಮೇಲೆ ನನಗೆ ಮೊದಲ ಬಾರಿ ಆಸೆ ಹುಟ್ಟಿದ್ದು. ಉಳಿದ ನೀರು ಹಾಕಿ ಮುಚ್ಚಿದ ಮೇಲೆ ಇಪ್ಪತ್ತು ನಿಮಿಷ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಕುದಿಸಬೇಕಾದ್ದು ಹಾಲನ್ನು, ಡಿಕಾಕ್ಷನ್ನನ್ನು ಒಲೆಗೆ ಏರಿಸಲೇಬಾರದು ಎಂಬುದನ್ನೂ ಅಂದೇ ಕಲಿತೆ. ನಾನು ಅದುವರೆಗೆ ಹೊರಗೆ ಕುಡಿದ ಎಷ್ಟೋ ಕಾಫಿಗಳ ಕಹಿ, ಮತ್ತೆ ಮತ್ತೆ ಬಿಸಿ ಮಾಡಿದ ಡಿಕಾಕ್ಷನ್ನಿನದು.

ನಾನೂ ಒಂದು ಫಿಲ್ಟರ್ ಕೊಂಡೆ. ಮೊದಲ ವಾರ ಪುಡಿಯನ್ನು ಬಿಲ್ಲೆಯಿಂದ ಗಟ್ಟಿಯಾಗಿ ಅದುಮಿಟ್ಟೆ, ರಾತ್ರಿ ಹಾಕಿದ ನೀರು ಬೆಳಿಗ್ಗೆಯೂ ಮೇಲೆಯೇ ನಿಂತಿತ್ತು. ಪುಡಿಯೂ ಮೈದಾದ ಹಾಗೆ ನುಣ್ಣಗಿತ್ತು. ಗಾಂಧಿಬಜಾರಿನ ಪುಡಿ ಅಂಗಡಿಯಲ್ಲಿ ಹೇಳಿಕೊಂಡಾಗ, ಸಣ್ಣ ರವೆಯ ಹದಕ್ಕೆ ಬೀಸಿಕೊಟ್ಟು ‘ಚಿಕೋರಿ ಎಷ್ಟು ಹಾಕ್ಲಿ ಸಾರ್?’ ಎಂದರು. ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಡಿಕಾಕ್ಷನ್ನಿಗೆ ಬಣ್ಣ, ಮಂದ ಕೊಡುತ್ತದೆ, ಅದರಲ್ಲಿ ಕೆಫೀನ್ ಇಲ್ಲ. ಪೊಟ್ಟಣದ ಪುಡಿಯಲ್ಲಿ ಅದು ಶೇ. 49ರವರೆಗೂ ಇರಬಹುದು, ಎಷ್ಟಿದೆ ಎಂದು ಮೇಲೆ ಬರೆದಿರುತ್ತದೆ, ಓದಿ ಕೊಳ್ಳಬೇಕು. ನಾನು ಕಾಫಿ ಅರವತ್ತು–ಚಿಕೋರಿ ನಲವತ್ತರಿಂದ ಶುರು ಮಾಡಿ, ತಿಂಗಳಿಗಿಷ್ಟು ಚಿಕೋರಿ ಇಳಿಸುತ್ತ ಎಂಬತ್ತು–ಇಪ್ಪತ್ತಕ್ಕೆ ಬಂದೆ. ಸಕ್ಕರೆಯನ್ನೂ ಹಾಗೆಯೇ ಎರಡು ಚಮಚದಿಂದ ಅರ್ಧಕ್ಕೆ ತಂದೆ. ಒಂದೇ ದಿನ ಎಲ್ಲ ಬಿಟ್ಟಿದ್ದರೆ ಖಂಡಿತ ಚಹಾಕ್ಕೆ ಮರಳಿಬಿಡುತ್ತಿದ್ದೆ. ಚಿಕೋರಿ ಎಂದರೆ ಕಲಬೆರಕೆ ಎಂದು ಮೂಗು ಮುರಿಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಾಲು ಹಾಕಿ ಕುಡಿಯುವ ಕಾಫಿಗೆ ಅಷ್ಟು ಚಿಕೋರಿ ಒಳ್ಳೆಯ ಜೊತೆ.

ಆಮೇಲೆ ಭಾನುವಾರಗಳೆಲ್ಲ ಹೋಟೆಲು ಹುಡುಕುವುದಕ್ಕೇ ಹೋದವು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಬೀದಿಯಲ್ಲೇ ನಿಂತು, ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ ಮುಗಿಸಿ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ನಲ್ಲಿ ಬೆಳ್ಳಿ ಲೋಟದಲ್ಲಿ ಕುಡಿದೆ. ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್ ಬಗ್ಗೆ ನನಗೆ ಬೇರೆಯದೇ ಅಕ್ಕರೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರು 1957ರಲ್ಲಿ ಇದೇ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡು ನಡೆಸಿದರು ಎಂದು ತಿಳಿದ ಮೇಲೆ, ಅಲ್ಲಿ ಕೂತಾಗಲೆಲ್ಲ ಅದು ನೆನಪಾಗುತ್ತದೆ.

ಹೊಸ ಹೋಟೆಲಿಗೆ ಹೋದರೆ ನಾನು ಮೊದಲು ನೋಡುವುದು ಕಾಫಿ ಬೆರೆಸುವವರ ಕೈಯನ್ನು. ಡಿಕಾಕ್ಷನ್ ಎಷ್ಟು, ಹಾಲು ಎಷ್ಟು ಎಂಬುದು ಆ ಕೈಗೆ ರೂಢಿಯಾಗಿರಬೇಕು, ಹಾಲು ಪಕ್ಕದಲ್ಲಿ ಬಿಸಿಯಾಗಿರಬೇಕು. ಎರಡನೆಯದು, ಜನ. ಗಿರಾಕಿಗಳು ಹೆಚ್ಚಿದ್ದ ಕಡೆ ಡಿಕಾಕ್ಷನ್ ಗಂಟೆಗಟ್ಟಲೆ ಕೂತಿರುವುದಿಲ್ಲ. ಅದಕ್ಕೇ ಬೆಳಿಗ್ಗೆ ಏಳಕ್ಕೋ ಸಂಜೆ ಐದಕ್ಕೋ ಹೋಗುತ್ತೇನೆ. ಮಧ್ಯಾಹ್ನ ಮೂರಕ್ಕೆ ಒಂದು ಹೆಸರುವಾಸಿ ಹೋಟೆಲಿನಲ್ಲಿ ಕುಡಿದದ್ದು ಸುಟ್ಟ ವಾಸನೆ ಹೊಡೆದಿತ್ತು, ಅದೇ ಜಾಗದ ಬೆಳಗಿನ ಕಾಫಿ ಅಮೃತ. ಗೊತ್ತಿಲ್ಲದ ಕಡೆ ಗೆಳೆಯನ ಜೊತೆ ಬೈಟು ತಗೊಂಡು ನೋಡುವುದು ಒಳ್ಳೆಯದು.

ಹಾಲಿಲ್ಲದ ಕಾಫಿ ನನಗೆ ಒಲಿಯಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ಇಂದಿರಾನಗರದ ಹೊಸ ಬಗೆಯ ಕೆಫೆಯೊಂದರಲ್ಲಿ ಮೊದಲ ಗುಟುಕಿಗೇ ಹುಳಿ ಎನಿಸಿ ಕಪ್ಪು ಕೆಳಗಿಟ್ಟೆ. ಕಾಫಿ ಮಾಡಿದ ಹುಡುಗಿ ‘ಐದು ನಿಮಿಷ ಆರಲಿ ಸಾರ್, ಆಮೇಲೆ ಕುಡೀರಿ’ ಎಂದಳು. ಆರಿದ ಮೇಲೆ ಅದೇ ಹುಳಿಯಲ್ಲಿ ಕಿತ್ತಳೆಯ ನೆನಪು ಬಂತು. ಅದು ಚಿಕ್ಕಮಗಳೂರು ಕಡೆಯ ಎಸ್ 795 ತಳಿಯ ಅರೇಬಿಕಾ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ತಳಿ ಎಂದು ಅವಳೇ ಹೇಳಿದಳು. ಕಡಿಮೆ ಹುರಿದ ಬೀಜದಲ್ಲಿ ಹಣ್ಣಿನ ಗುಣ ಉಳಿಯುತ್ತದೆ, ಹೆಚ್ಚು ಹುರಿದಷ್ಟೂ ಅದು ಹೋಗಿ ಕಹಿ ಮುಂದೆ ಬರುತ್ತದೆ.

ಆ ಡಿಸೆಂಬರಿನಲ್ಲೇ ಮೂಡಿಗೆರೆ ಹತ್ತಿರ ಗೆಳೆಯನ ತೋಟಕ್ಕೆ ಹೋದೆ. ಕೊಯ್ಲು ನಡೆದಿತ್ತು. ಕೆಂಪು ಹಣ್ಣೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡರೆ ತೆಳು ಸಿಹಿ ಲೋಳೆ, ಒಳಗೆ ಚಪ್ಪಟೆ ಮೈ ಒಂದಕ್ಕೊಂದು ತಾಗಿಸಿಕೊಂಡ ಎರಡು ಬೀಜ. ಇನ್ನೊಂದು ಹಣ್ಣಿನಲ್ಲಿ ಒಂದೇ ಬೀಜ, ದುಂಡಗೆ. ‘ಇದೇ ನೋಡು ನೀನು ಕೊಳ್ಳೋ ಪೀಬೆರಿ’ ಎಂದ ಗೆಳೆಯ. ಸಂಜೆ ಅವನ ತಾಯಿ ಕೊಟ್ಟದ್ದು ಹಾಲಿಲ್ಲದ ಬೆಲ್ಲದ ಕಾಫಿ. ಮಳೆಗಾಲದಲ್ಲಿ ಇದಿಲ್ಲದೆ ಆಗೋದೇ ಇಲ್ಲ ಎಂದರು.

ಈಗ ಮನೆ ವಿದ್ಯಾರಣ್ಯಪುರದಲ್ಲಿ. ಹತ್ತಿರದ ಎಂಟು ಹೋಟೆಲು ಸುತ್ತಿ ಒಂದನ್ನು ಆರಿಸಿಕೊಂಡಿದ್ದೇನೆ, ನಾಲ್ಕು ಜನ ನಿಲ್ಲುವಷ್ಟು ಸಣ್ಣದು. ಒಂದು ದಿನ ಹನ್ನೊಂದು ಗಂಟೆಗೆ ಹೋದೆ. ಅಂಗಡಿಯಾತ ಉಳಿದಿದ್ದ ಡಿಕಾಕ್ಷನ್ನನ್ನು ತೊಟ್ಟಿಗೆ ಸುರಿಯುತ್ತಿದ್ದ. ‘ಹೊಸದು ಇಳೀತಾ ಇದೆ, ಕಾಲು ಗಂಟೆ ಆಗುತ್ತೆ ಸಾರ್’ ಎಂದ. ಮೆಟ್ಟಿಲ ಮೇಲೆ ಕೂತು ಕಾದೆ.